ಚೀನಾದ ಕುನ್ಮಿಂಗ್–ಹೈಫಾಂಗ್ ಮೀಟರ್ ಗೇಜ್ ಲೈನ್: ಇದರ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಘಾಟಿಗಾಡಿ:
ಚೀನಾ ರೈಲು ಅಂದ ಕೂಡಲೇ ಎಲ್ಲರೂ ಬುಲೆಟ್ ಟ್ರೈನ್ ವಿಡಿಯೋ ಹಾಕುತ್ತಾರೆ. ಕಿಟಕಿ ಪಕ್ಕ ನಾಣ್ಯ ನಿಲ್ಲಿಸಿ ಬೀಳಲ್ಲ ಅಂತ ತೋರಿಸೋದು, ಅದೇ ಅದೇ. ನನಗೆ ಅದಕ್ಕಿಂತ ಜಾಸ್ತಿ ಹುಚ್ಚು ಹಿಡಿಸಿದ್ದು ಯುನ್ನಾನ್ ಪ್ರಾಂತ್ಯದ ಒಂದು ಹಳೇ ಮೀಟರ್ ಗೇಜ್ ಲೈನ್ (ಗೇಜ್ ಅಂದರೆ ಎರಡು ಹಳಿ ನಡುವಿನ ಅಂತರ, ಇಲ್ಲಿ ಒಂದು ಮೀಟರ್). ಕುನ್ಮಿಂಗ್‌ನಿಂದ ಗಡಿಯ ಹೆಕೌವರೆಗೆ ಸುಮಾರು 465 ಕಿ.ಮೀ., ಅಲ್ಲಿಂದ ನದಿ ದಾಟಿ ವಿಯೆಟ್ನಾಂನ ಲಾವ್ ಕಾಯ್, ಹನೋಯ್, ಕೊನೆಗೆ ಹೈಫಾಂಗ್ ಬಂದರು. ಒಟ್ಟು 850 ಕಿ.ಮೀ. ಮೇಲೆ. ಕಟ್ಟಿಸಿದ್ದು ಫ್ರೆಂಚರು. ಚೀನಾ ಭಾಗದ ಕೆಲಸ ಶುರುವಾಗಿದ್ದು 1904ರ ಹೊತ್ತಿಗೆ, ಕುನ್ಮಿಂಗ್‌ಗೆ ರೈಲು ಬಂದಿದ್ದು 1910ರಲ್ಲಿ.

ಯುನ್ನಾನ್ ಬಗ್ಗೆ ಚೀನಾದಲ್ಲಿ "ಹದಿನೆಂಟು ವಿಚಿತ್ರಗಳು" ಅಂತ ಒಂದು ಮಾತಿದೆ. ಅದರಲ್ಲಿ ಎರಡು ಈ ಲೈನ್ ಬಗ್ಗೇನೇ. ಒಂದು, ಇಲ್ಲಿ ರೈಲು ಬಸ್ಸಿನಷ್ಟು ವೇಗ ಹೋಗಲ್ಲ. ಇನ್ನೊಂದು, ಇಲ್ಲಿನ ರೈಲು ದೇಶದೊಳಕ್ಕೆ ಹೋಗಲ್ಲ, ವಿದೇಶಕ್ಕೆ ಹೋಗುತ್ತೆ. ಎರಡನೆಯದು ತಮಾಷೆ ಅಲ್ಲ, ನಿಜ. ಯುನ್ನಾನ್ ಚೀನಾದ ಉಳಿದ ರೈಲು ಜಾಲಕ್ಕೆ ಸೇರಿದ್ದು 1966ರಲ್ಲಿ, ಗುಯಿಯಾಂಗ್ ಲೈನ್ ಬಂದ ಮೇಲೆ. ಚೆಂಗ್ಡು ಕಡೆಯ ಲೈನ್ 1970ಕ್ಕೆ. ಅಂದರೆ 50 ವರ್ಷಕ್ಕೂ ಜಾಸ್ತಿ ಕುನ್ಮಿಂಗ್‌ನಿಂದ ಚೀನಾದ ಉಳಿದ ಕಡೆಗೆ ನೇರ ರೈಲೇ ಇರಲಿಲ್ಲ. ಮೊದಮೊದಲು ರೈಲಲ್ಲಿ ಬೀಜಿಂಗ್ ಕಡೆಗೆ ಹೊರಟವರು ವಿಯೆಟ್ನಾಂಗೆ ಹೋಗಿ ಹಡಗು ಹತ್ತಬೇಕಿತ್ತು!

ಯಾರಾದರೂ ಹೋಗಿದ್ದೀರಾ? ಗೊತ್ತಿರೋರು ಬರೀರಿ.

ಲೂಪ್‌ಲೈನ್ ಲಕ್ಕಿ:
ಗುರು, ಮೀಟರ್ ಗೇಜ್ ಅಂದ್ರೆ ಸಾಕು ನೀನು ಎಲ್ಲಿದ್ರೂ ಓಡಿ ಬರ್ತೀಯ 😄 ಎಷ್ಟು ಏರು ಇದೆ ಹೇಳು ಮೊದಲು.

ಘಾಟಿಗಾಡಿ:
ಹೆಕೌ ಸಮುದ್ರಮಟ್ಟದಿಂದ ಬರೀ 76 ಮೀಟರ್. ಇಡೀ ಯುನ್ನಾನ್‌ನ ಅತಿ ತಗ್ಗಿನ ಜಾಗ ಅದು. ಕುನ್ಮಿಂಗ್ ಸುಮಾರು 1900 ಮೀಟರ್. ಕುನ್ಮಿಂಗ್ ಮುಟ್ಟೋಕೆ ಮೊದಲು ಲೈನ್ 2000 ಮೀಟರ್ ದಾಟಿ ಮತ್ತೆ ಇಳಿಯುತ್ತೆ. ಕಡಿದಾದ ಕಡೆ ಏರು 1ಕ್ಕೆ 40, ಅಂದರೆ 40 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಬಿಗಿಯಾದ ತಿರುವುಗಳು ಸುಮಾರು 100 ಮೀಟರ್ ತ್ರಿಜ್ಯದವು. ಸುರಂಗ 150ಕ್ಕೂ ಹೆಚ್ಚು, ಸೇತುವೆ 400ಕ್ಕೂ ಹೆಚ್ಚು.

ಕುಡ್ಲದ ಕುಳ್ಳ:
ಅಯ್ಯೋ ಮಾರಾಯ್ರೆ, ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ 1ಕ್ಕೆ 50, 57 ಸುರಂಗ, ಅದಕ್ಕೇ ನಾವು ಇಷ್ಟು ವರ್ಷದಿಂದ ಕಾಲರ್ ಎತ್ತಿಕೊಂಡು ತಿರುಗಿದ್ದು. ಅದೂ ಶುರುವಾದಾಗ ಮೀಟರ್ ಗೇಜೇ, 1979ರಲ್ಲಿ. ಇವರು ಅದಕ್ಕಿಂತ 70 ವರ್ಷ ಮೊದಲೇ 1ಕ್ಕೆ 40 ಹತ್ತಿಸಿದ್ದಾರೆ ಅಂದ್ರೆ ಸ್ವಲ್ಪ ಹೊಟ್ಟೆಕಿಚ್ಚು ಆಗ್ತದೆ.

ಹಳೇ ಗಾರ್ಡ್:
1ಕ್ಕೆ 40ರಲ್ಲಿ ಸ್ಟೀಮ್ ಎಂಜಿನ್ ಎಷ್ಟು ಎಳೆದೀತು ಅಂತ ಯೋಚಿಸಿ. ನಾನು ಮೀಟರ್ ಗೇಜ್‌ನಲ್ಲಿ ಕೆಲಸ ಮಾಡಿದವನು. ಏರಿನಲ್ಲಿ ಹತ್ತೋದು ದೊಡ್ಡ ಕಷ್ಟ ಅಲ್ಲ. ಇಳಿಯುವಾಗ ಹಿಂದಿನ ಬ್ರೇಕ್ ವ್ಯಾನ್‌ನಲ್ಲಿ ಕೂತವನ ಎದೆ ಬಡಿತ ಕೇಳಬೇಕು. ಮಳೆ ಬಿದ್ದು ಹಳಿ ಮೇಲೆ ಎಲೆ ಅಂಟಿಕೊಂಡರೆ ಚಕ್ರ ಜಾರುತ್ತೆ, ಎಷ್ಟು ಮರಳು ಹಾಕಿದರೂ ಅಷ್ಟೇ. ಆ ಕಾಲದಲ್ಲಿ ಇಡೀ ಲೈನ್‌ನಲ್ಲಿ ರಾತ್ರಿ ಗಾಡಿ ಓಡಿಸುತ್ತಿದ್ದರಾ?

ಘಾಟಿಗಾಡಿ:
ಇಲ್ಲ ಸರ್, ಸರಿಯಾಗಿ ಹಿಡಿದಿರಿ. ಮೊದಮೊದಲು ಹಗಲು ಮಾತ್ರ. ಹನೋಯ್ ಕಡೆಯಿಂದ ಹೊರಟರೆ ಒಂದು ರಾತ್ರಿ ಗಡಿಯಲ್ಲಿ, ಇನ್ನೊಂದು ರಾತ್ರಿ ಅಮಿಝೌನಲ್ಲಿ (ಈಗಿನ ಕಾಯ್‌ಯುವಾನ್) ತಂಗಬೇಕಿತ್ತು. ಮೂರನೇ ದಿನ ಕುನ್ಮಿಂಗ್. ಆದರೂ ಜನಕ್ಕೆ ಅದೇ ದೊಡ್ಡ ವಿಷಯ. ಅದಕ್ಕೆ ಮೊದಲು ಕೆಂಪು ನದಿಯಲ್ಲಿ ದೋಣಿ, ಆಮೇಲೆ ಹೇಸರಗತ್ತೆ ಸಾಲು, ವಾರಗಟ್ಟಲೆ.

ಇತಿಹಾಸದ ಹುಚ್ಚಿ:
ನಾನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗ್ತೀನಿ. ಇದು ಯಾಕೆ ಬಂತು ಅನ್ನೋದು ಮುಖ್ಯ ಅಲ್ವಾ?

1895ರಲ್ಲಿ ಜಪಾನ್ ಮುಂದೆ ಚೀನಾ ಸೋತ ಮೇಲೆ ಯುರೋಪಿನವರೆಲ್ಲ ಚೀನಾದಲ್ಲಿ ತಮ್ಮ ತಮ್ಮ ಪಾಲು ಕೇಳೋಕೆ ನಿಂತರು. 1898ರಲ್ಲಿ ಫ್ರಾನ್ಸ್ ಗಡಿಯಿಂದ ಕುನ್ಮಿಂಗ್‌ಗೆ ರೈಲು ಹಾಕೋ ಹಕ್ಕು ಕಿತ್ತುಕೊಂಡಿತು. ವಿಯೆಟ್ನಾಂ ಕಡೆಯ ಫ್ರೆಂಚ್ ವಸಾಹತು ಇಂಡೋಚೀನಾದ ಗವರ್ನರ್ ಜನರಲ್ ಪಾಲ್ ಡೂಮೇರ್ ಇದಕ್ಕೆ ಹಠ ಹಿಡಿದು ಕೂತಿದ್ದ ಮನುಷ್ಯ. ಪಕ್ಕದ ಬರ್ಮಾದಲ್ಲಿ ಬ್ರಿಟಿಷರು ಇದ್ದರು, ಅವರಿಗೂ ಯುನ್ನಾನ್ ಮೇಲೆ ಕಣ್ಣು. ಯಾರು ಮೊದಲು ಹೋಗಿ ಬೇಲಿ ಹಾಕ್ತಾರೆ ಅನ್ನೋ ಓಟ. ಅದರ ಜೊತೆಗೆ ಗೆಜಿಯುವಿನ ತವರದ ಗಣಿ. ತವರ ಹೊರಕ್ಕೆ ಹೋಗಬೇಕು, ಫ್ರೆಂಚ್ ಸಾಮಾನು ಒಳಕ್ಕೆ ಬರಬೇಕು. ಅಷ್ಟೇ ಲೆಕ್ಕ.

ಸ್ಥಳೀಯರು ಸುಮ್ಮನೆ ಕೂರಲಿಲ್ಲ. 1899ರಲ್ಲಿ ಗೆಜಿಯು ಹತ್ತಿರದ ಮೆಂಗ್‌ಜಿಯಲ್ಲಿ ಗಣಿ ಜನ ದಂಗೆ ಎದ್ದು ಕಸ್ಟಮ್ಸ್ ಕಚೇರಿಗೆ ಬೆಂಕಿ ಹಾಕಿದರು. 1903ರಲ್ಲಿ ಮತ್ತೊಂದು ದಂಗೆ. ಮೊದಲು ಸರ್ವೇ ಮಾಡಿದ್ದು ಪಶ್ಚಿಮದ ದಾರಿ: ಮೆಂಗ್‌ಜಿ, ಜಿಯಾನ್‌ಶುಯಿ, ತೊಂಗ್‌ಹಾಯ್, ಯುಶಿ, ಕುನ್ಮಿಂಗ್. ದೊಡ್ಡ ಊರುಗಳೆಲ್ಲ ಆ ದಾರಿಯಲ್ಲೇ ಇದ್ದವು. ಏರು ಜಾಸ್ತಿ, ಜನರ ವಿರೋಧ ಜಾಸ್ತಿ ಅಂತ ಅದನ್ನು ಬಿಟ್ಟು ಪೂರ್ವಕ್ಕೆ, ನಾನ್‌ಶಿ ನದಿಯ ಕಣಿವೆಗೆ ಇಳಿದರು. ಊರಿಲ್ಲ, ಜನ ಇಲ್ಲ. ಸೊಳ್ಳೆ ಮಾತ್ರ ಇತ್ತು.

ಹಳೇ ಗಾರ್ಡ್:
ಮಲೇರಿಯಾ.

ಇತಿಹಾಸದ ಹುಚ್ಚಿ:
ಹೌದು ಸರ್. ಕೂಲಿಗಳನ್ನು ಗುವಾಂಗ್‌ಶಿ, ಗುವಾಂಗ್‌ಡಾಂಗ್, ದೂರದ ಟಿಯಾಂಜಿನ್, ಶಾಂಡಾಂಗ್‌ನಿಂದ ಹಡಗಲ್ಲಿ ತಂದು ಇಳಿಸಿದರು. ಉತ್ತರದ ಚಳಿ ಊರಿನವರು, ಈ ಬಿಸಿ ಕಣಿವೆಯ ಜ್ವರ ನೋಡಿದವರೇ ಅಲ್ಲ. ಕೆಲವರು ಬಂದ ತಿಂಗಳಲ್ಲೇ ಹೋದರು. ಫ್ರೆಂಚರ ಲೆಕ್ಕದಲ್ಲೇ ಸುಮಾರು 12,000 ಜನ ಸತ್ತರು. ಚೀನಾದಲ್ಲಿ ಹೇಳೋ ಲೆಕ್ಕ 60,000ದ ಮೇಲಿದೆ. "ಒಂದು ಮೊಳೆಗೆ ಒಂದು ಹನಿ ರಕ್ತ, ಒಂದು ಸ್ಲೀಪರ್‌ಗೆ ಒಂದು ಜೀವ" ಅಂತ ಅಲ್ಲಿ ಇವತ್ತಿಗೂ ಹೇಳ್ತಾರೆ. ಸ್ಲೀಪರ್ ಅಂದರೆ ಹಳಿ ಕೆಳಗೆ ಅಡ್ಡ ಹಾಕೋ ತುಂಡು.

ಲೂಪ್‌ಲೈನ್ ಲಕ್ಕಿ:
ಒಂದು ತಲೆಹರಟೆ ವಿಷಯ, ಬೇಜಾರ್ ಮಾಡ್ಕೋಬೇಡಿ ಮೇಡಂ. ಸ್ಲೀಪರ್ ಅಂದ ಕೂಡಲೇ ಮರದ ದಿಮ್ಮಿ ಕಣ್ಣಿಗೆ ಬರುತ್ತೆ. ಇಲ್ಲಿ ಫ್ರೆಂಚರು ಹಾಕಿದ್ದು ಉಕ್ಕಿನ ಸ್ಲೀಪರ್. ಮಳೆ, ಗೆದ್ದಲು ಎರಡಕ್ಕೂ ತಡೆದುಕೊಳ್ಳಲಿ ಅಂತ ಇರಬೇಕು. ಬಗ್ಗಿದ ತಗಡಿನ ತರಹ ಇರುತ್ತೆ. ಹಾಗಾಗಿ ಆ ಮಾತಿನಲ್ಲಿರೋ ಸ್ಲೀಪರ್‌ಗಳಲ್ಲಿ ಕೆಲವಾದರೂ ಇನ್ನೂ ಅಲ್ಲೇ ಬಿದ್ದಿರಬಹುದು. ಯೋಚಿಸಿದರೆ ಒಂಥರಾ ಆಗುತ್ತೆ.

ಸುಮ್ನೆ ಓದ್ತೀನಿ:
ಆ ಕತ್ತರಿ ತರಹದ ಸೇತುವೆ ಇದೇ ಲೈನ್‌ದಾ? ಫೋಟೋ ನೋಡಿದ್ದೆ ಎಲ್ಲೋ.

ಘಾಟಿಗಾಡಿ:
ಇದೇ ಲೈನ್. ಪಿಂಗ್‌ಬಿಯನ್ ಹತ್ತಿರದ ವುಜಿಯಾಝಾಯ್ ಸೇತುವೆ. ಚೀನೀ ಲಿಪಿಯಲ್ಲಿ ಮನುಷ್ಯ ಅನ್ನೋ ಅಕ್ಷರ ಎರಡು ಕಾಲು ಅಗಲಿಸಿ ನಿಂತ ಹಾಗೆ ಇರುತ್ತೆ. ಅದೇ ಆಕಾರ, ಅದಕ್ಕೇ ಅಲ್ಲಿನವರು "ಮನುಷ್ಯ ಅಕ್ಷರದ ಸೇತುವೆ" ಅಂತಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ತಡೀರಿ.

ಎದುರುಬದುರು ಎರಡು ಕಡಿದಾದ ಬಂಡೆ. ಒಂದರಲ್ಲಿ ಸುರಂಗದ ಬಾಯಿ, ಇನ್ನೊಂದರಲ್ಲೂ ಸುರಂಗದ ಬಾಯಿ. ಮಧ್ಯೆ 60–70 ಮೀಟರ್ ಖಾಲಿ, ಕೆಳಗೆ ಸುಮಾರು 100 ಮೀಟರ್ ಆಳದಲ್ಲಿ ಹೊಳೆ. ಕೆಳಗಿಂದ ಕಂಬ ಎಬ್ಬಿಸೋಕೆ ಆಗಲ್ಲ. ಪಾಲ್ ಬೋದಾಂ ಅನ್ನೋ ಎಂಜಿನಿಯರ್ ಮಾಡಿದ್ದು ಏನು ಅಂದರೆ, ಎರಡೂ ಬಂಡೆಗೆ ಒಂದೊಂದು ದೊಡ್ಡ ಉಕ್ಕಿನ ತ್ರಿಕೋನವನ್ನು ಕೀಲು ಹಾಕಿ ನಿಲ್ಲಿಸಿದ. ಬಾಗಿಲಿಗೆ ಕೀಲು ಹಾಕ್ತೀವಲ್ಲ, ಹಾಗೆ. ಮೊದಲು ಎರಡನ್ನೂ ಬಂಡೆಗೆ ಒರಗಿಸಿ ನೆಟ್ಟಗೆ ಜೋಡಿಸೋದು. ಆಮೇಲೆ ಸರಪಳಿ ಸಡಿಲಿಸುತ್ತಾ ಸಡಿಲಿಸುತ್ತಾ ಎರಡನ್ನೂ ಮಧ್ಯಕ್ಕೆ ಬಾಗಿಸೋದು, ತಲೆಗೆ ತಲೆ ತಾಗಿದಾಗ ಬೋಲ್ಟ್ ಹಾಕೋದು. ಅದರ ಮೇಲೆ ಹಳಿ. 1908ರಲ್ಲಿ ಆಗಿದ್ದು ಇದು, ಕ್ರೇನ್ ಇಲ್ಲ ಏನಿಲ್ಲ.

ಸಾಮಾನು ಬರೋಕೆ ದಾರಿಯೇ ಇಲ್ಲದ ಜಾಗ. ಅದಕ್ಕೆ ಹೇಸರಗತ್ತೆ ಹೊರುವಷ್ಟು, ಆಳು ಹೊರುವಷ್ಟು ಸಣ್ಣ ಸಣ್ಣ ಭಾಗ ಮಾಡಿ ಫ್ರಾನ್ಸ್‌ನಿಂದ ಕಳಿಸಿದ್ದರು. ಆದರೆ ಸರಪಳಿ ತುಂಡು ಮಾಡೋಕೆ ಆಗಲ್ಲ ಅಲ್ವಾ? 300 ಮೀಟರ್‌ಗೂ ಉದ್ದ, ಹಲವು ಟನ್ ಭಾರ. ಸುಮಾರು 200 ಜನ ಸಾಲಾಗಿ ನಿಂತು ಹೆಗಲ ಮೇಲೆ ಹೊತ್ತು ಆ ಬೆಟ್ಟದ ಕಾಲುದಾರಿಯಲ್ಲಿ ಮೂರು ದಿನ ನಡೆದರು ಅಂತ ಹೇಳ್ತಾರೆ. ತಿರುವಿನಲ್ಲಿ ಒಬ್ಬ ಕಾಲು ಜಾರಿದರೆ ಮುಂದಿನವನೂ ಹಿಂದಿನವನೂ ಕುಸಿಯಬೇಕು. ಆ ಸೇತುವೆ ಕೆಲಸ ಒಂದರಲ್ಲೇ 800 ಜನ ಸತ್ತರು ಅಂತ ಅಲ್ಲಿನವರ ಲೆಕ್ಕ.

ಲೂಪ್‌ಲೈನ್ ಲಕ್ಕಿ:
ಬೋದಾಂ ಕೈಯಿಂದ ಕತ್ತರಿ ಬಿದ್ದು ನೆಲಕ್ಕೆ ನಾಟಿತಂತೆ, ಅದು ನೋಡಿ ಐಡಿಯಾ ಹೊಳೆಯಿತಂತೆ. ನ್ಯೂಟನ್ ಸೇಬಿನ ತಮ್ಮ ಇದು 😄

ಕುಡ್ಲದ ಕುಳ್ಳ:
ಏನೇ ಹೇಳಿ, ಒಂದು ಮಾತು ಒಪ್ಪಲೇಬೇಕು. ಫ್ರೆಂಚರು ಬರದೇ ಇದ್ದಿದ್ರೆ ಯುನ್ನಾನ್‌ಗೆ 1910ರಲ್ಲಿ ರೈಲು ಬರ್ತಿರಲಿಲ್ಲ. ಇಲ್ಲೂ ಬ್ರಿಟಿಷರ ವಿಷಯಕ್ಕೆ ಅದೇ ಜಗಳ. ಬೈತೇವೆ, ಹಳಿ ಮಾತ್ರ ಅವರದ್ದೇ ಬಳಸ್ತೇವೆ.

ಇತಿಹಾಸದ ಹುಚ್ಚಿ:
ಈ ವಾದ ಬಂದೇ ಬರುತ್ತೆ ಅಂತ ಕಾಯ್ತಿದ್ದೆ. ಇದಕ್ಕೆ ಉತ್ತರ ಅದೇ ಜಾಗದಲ್ಲಿ, ಅದೇ ಕಾಲದಲ್ಲಿ ಇದೆ. ಗೆಜಿಯು–ಬಿಸೆಝಾಯ್–ಶಿಪಿಂಗ್ ರೈಲು ಅಂತ ಕೇಳಿದ್ದೀರಾ?

ಫ್ರೆಂಚ್ ಲೈನ್ ಬಂತು ಸರಿ. ಅದು ಗೆಜಿಯು ಗಣಿಗೆ ಹೋಗಲಿಲ್ಲ, ಪಕ್ಕದ ಬಿಸೆಝಾಯ್ ಮೂಲಕ ಹೋಯಿತು. ಗಣಿಗೆ ಕವಲು ಲೈನ್ ಹಾಕೋಕೆ ಫ್ರೆಂಚರು ತಯಾರಿದ್ದರು. ಆದರೆ ಗೆಜಿಯು, ಜಿಯಾನ್‌ಶುಯಿ, ಶಿಪಿಂಗ್ ಕಡೆಯ ಗಣಿ ಮಾಲೀಕರು, ವ್ಯಾಪಾರಿಗಳು "ಬೇಡ, ನಾವೇ ಹಾಕ್ತೀವಿ" ಅಂದರು. ಗಣಿಯಿಂದ ಬರೋ ತವರದ ಮೇಲೆ ಇಷ್ಟಿಷ್ಟು ಅಂತ ವಸೂಲಿ ಮಾಡಿ ಶೇರು ಕೊಟ್ಟು ದುಡ್ಡು ಕೂಡಿಸಿದರು. 1915ರಲ್ಲಿ ಕೆಲಸ ಶುರು, 1921ಕ್ಕೆ ಗೆಜಿಯು–ಬಿಸೆಝಾಯ್, 1928ಕ್ಕೆ ಜಿಯಾನ್‌ಶುಯಿ, 1936ಕ್ಕೆ ಶಿಪಿಂಗ್. 20 ವರ್ಷ ಹಿಡಿಯಿತು, ಆದರೆ ಅವರ ದುಡ್ಡು.

ಗೇಜ್ ಎಷ್ಟು ಗೊತ್ತಾ? 600 ಮಿ.ಮೀ. ಫ್ರೆಂಚರ ಗಾಡಿ ತಮ್ಮ ಹಳಿ ಮೇಲೆ ಹತ್ತಬಾರದು ಅಂತ ಬೇಕೆಂದೇ ಬೇರೆ ಗೇಜ್ ಇಟ್ಟರು!

ಹಳೇ ಗಾರ್ಡ್:
ಅಬ್ಬಾ. ಗೇಜನ್ನೇ ಬೀಗ ಮಾಡಿಕೊಂಡರು.

ಲೂಪ್‌ಲೈನ್ ಲಕ್ಕಿ:
ಖರ್ಚು ಕಮ್ಮಿ ಅನ್ನೋದೂ ಒಂದು ಕಾರಣ ಮೇಡಂ, ಅದನ್ನೂ ಹೇಳಿ. 600 ಮಿ.ಮೀ. ಅಂದರೆ ನಮ್ಮ ತರೀಕೆರೆ–ನರಸಿಂಹರಾಜಪುರ ಟ್ರಾಮ್ ಅಳತೆ, ಹೆಚ್ಚುಕಮ್ಮಿ. ಬೆಟ್ಟದಲ್ಲಿ ಕಡಿಯೋದು ಕಮ್ಮಿ, ಸೇತುವೆ ಹಗುರ. ಹಾಂ, ಅದಕ್ಕೆ ಅಮೆರಿಕದ ಬಾಲ್ಡ್ವಿನ್ ಕಂಪನಿಯಿಂದ ತರಿಸಿದ ಎಂಜಿನ್‌ಗಳಿದ್ದವು, ಎಳೆಯೋ ಚಕ್ರ ಐದು ಜೋಡಿ, ನೋಡೋಕೆ ಆಟಿಕೆ ಸಾಮಾನು.

ಇತಿಹಾಸದ ಹುಚ್ಚಿ:
ಖರ್ಚಿನ ಮಾತು ಒಪ್ಪಿದೆ. ಆದರೆ ಅದಕ್ಕೆ ತೆತ್ತ ಬೆಲೆಯೂ ಇದೆ. ಬಿಸೆಝಾಯ್‌ನಲ್ಲಿ ಪ್ರತಿಯೊಂದು ತವರದ ಗಟ್ಟಿಯನ್ನೂ ಸಣ್ಣ ಗಾಡಿಯಿಂದ ಇಳಿಸಿ ಫ್ರೆಂಚ್ ಗಾಡಿಗೆ ಹಾಕಬೇಕು. ಹಮಾಲಿಗಳದ್ದೇ ಒಂದು ಊರಾಯಿತು. ವಿದೇಶಿ ವ್ಯಾಪಾರಿಗಳು ಬಂದರು, ಹೋಟೆಲ್ ಬಂತು, ಟೆನ್ನಿಸ್ ಕೋರ್ಟ್ ಕೂಡ ಬಂತು. ಸುತ್ತ ಹೊಲ, ಮಧ್ಯೆ ಒಂದು ಸ್ಟೇಷನ್, ಅಲ್ಲಿ ಬಿಳಿಯರು ಟೆನ್ನಿಸ್ ಆಡ್ತಿದ್ದರು.

ಹಳೇ ಗಾರ್ಡ್:
ಟ್ರಾನ್ಸ್‌ಶಿಪ್‌ಮೆಂಟ್ ಯಾರ್ಡ್ ಅಂದರೆ ನನಗೆ ಗುಂತಕಲ್ ನೆನಪು. ಬ್ರಾಡ್ ಗೇಜ್, ಮೀಟರ್ ಗೇಜ್ ಎರಡೂ ಇದ್ದ ಯಾವ ಊರಿನ ಹಮಾಲಿಯನ್ನು ಕೇಳಿದರೂ ಹೇಳ್ತಾನೆ, ಗೇಜ್ ಬದಲಾಗೋ ಕಡೆ ಸಾಮಾನು ಸ್ವಲ್ಪ ಕಮ್ಮಿಯಾಗೇ ಮುಂದಕ್ಕೆ ಹೋಗುತ್ತೆ. ಜಾಸ್ತಿ ಹೇಳಲ್ಲ ಬಿಡಿ.

ಕುಡ್ಲದ ಕುಳ್ಳ:
ಸರಿ ಮೇಡಂ, ಒಪ್ಪಿದೆ, ಸೋತೆ. ಆದ್ರೆ ಕುನ್ಮಿಂಗ್‌ಗೆ ಆ ಫ್ರೆಂಚ್ ಲೈನ್‌ನಿಂದ ಏನೂ ಒಳ್ಳೆಯದು ಆಗಲೇ ಇಲ್ವಾ?

ಘಾಟಿಗಾಡಿ:
ಆಯಿತಲ್ಲ. ಚೀನಾದ ಮೊದಲ ಜಲವಿದ್ಯುತ್ ಕೇಂದ್ರ ಯಾವ ಊರಲ್ಲಿ? ಶಾಂಘೈ ಅಲ್ಲ, ಕುನ್ಮಿಂಗ್ ಹತ್ತಿರದ ಶಿಲೊಂಗ್‌ಬಾ. 1912ರಲ್ಲಿ ಕರೆಂಟ್ ಬಂತು. ಜರ್ಮನಿಯ ಯಂತ್ರಗಳು ಹಡಗಲ್ಲಿ ಹೈಫಾಂಗ್‌ಗೆ, ಅಲ್ಲಿಂದ ಈ ರೈಲಲ್ಲಿ ಮೇಲಕ್ಕೆ. ಅದಕ್ಕೂ ದುಡ್ಡು ಹಾಕಿದ್ದು ಸ್ಥಳೀಯ ವ್ಯಾಪಾರಿಗಳೇ. ಫ್ರೆಂಚರು ಕರೆಂಟ್ ಕೇಂದ್ರ ನಾವು ಕಟ್ತೀವಿ ಅಂದಾಗ ಇವರು ಬೇಡ ಅಂದರು. ಹಳಿ ಅವರದು, ಅದರ ಮೇಲೆ ಬಂದ ಸಾಮಾನು ಇವರದು.

ಇನ್ನೊಂದು. 1915ರ ಕೊನೆಗೆ ಆಗಿನ ಅಧ್ಯಕ್ಷ ಯುವಾನ್ ಶಿಕಾಯ್ ಚಕ್ರವರ್ತಿ ಆಗೋಕೆ ಹೊರಟಾಗ ಜನರಲ್ ತ್ಸಾಯ್ ಎ ಬೀಜಿಂಗ್‌ನಿಂದ ತಪ್ಪಿಸಿಕೊಂಡು ಜಪಾನ್, ಹಾಂಗ್‌ಕಾಂಗ್ ಸುತ್ತಿ ಹೈಫಾಂಗ್‌ಗೆ ಬಂದು ಇದೇ ರೈಲು ಹತ್ತಿದ. ದಾರಿಯಲ್ಲಿ ಅವನನ್ನು ಮುಗಿಸೋಕೆ ಆಳುಗಳು ಕಾದಿದ್ದರು, ಸಿಕ್ಕಲಿಲ್ಲ. ಕುನ್ಮಿಂಗ್ ಮುಟ್ಟಿದ ಕೆಲವೇ ದಿನಕ್ಕೆ, ಡಿಸೆಂಬರ್ 25ನೇ ತಾರೀಕು, ಯುನ್ನಾನ್ ಚಕ್ರವರ್ತಿ ವಿರುದ್ಧ ಎದ್ದು ನಿಂತಿತು. ಮುಂದಿನ ವರ್ಷ ಯುವಾನ್ ಸಿಂಹಾಸನದ ಆಸೆ ಬಿಟ್ಟ. ಹಳಿ ಹಾಕಿದವರು ಇಂಥ ಪ್ಯಾಸೆಂಜರ್ ಬರ್ತಾನೆ ಅಂತ ಎಣಿಸಿರಲಿಕ್ಕಿಲ್ಲ.

ಇತಿಹಾಸದ ಹುಚ್ಚಿ:
1938 ಮರೀಬೇಡಿ. ಜಪಾನ್ ದಾಳಿಯಿಂದ ಬೀಜಿಂಗ್, ಟಿಯಾಂಜಿನ್‌ನ ಮೂರು ದೊಡ್ಡ ವಿಶ್ವವಿದ್ಯಾಲಯಗಳು ಓಡಿ ಚಾಂಗ್‌ಶಾಗೆ ಬಂದು, ಅಲ್ಲೂ ನಿಲ್ಲೋಕಾಗದೆ ಕುನ್ಮಿಂಗ್‌ಗೆ ಹೊರಟವು. ಒಂದಷ್ಟು ವಿದ್ಯಾರ್ಥಿಗಳು ಬೆಟ್ಟ ಹತ್ತಿ ನಡೆದೇ ಹೋದರು. ಉಳಿದವರು ಹಾಂಗ್‌ಕಾಂಗ್, ಹೈಫಾಂಗ್ ಮೂಲಕ ಈ ರೈಲಲ್ಲಿ. ಕುನ್ಮಿಂಗ್‌ನಲ್ಲಿ ಜಾಗ ಸಾಲದೆ ಸಾಹಿತ್ಯ, ಕಾನೂನು ವಿಭಾಗದವರು ಕೆಲವು ತಿಂಗಳು ಮೆಂಗ್‌ಜಿಯಲ್ಲೇ ಉಳಿದರು. ಹಳೇ ಕಸ್ಟಮ್ಸ್ ಕಚೇರಿಯಲ್ಲಿ ಪಾಠ, ಒಬ್ಬ ಗ್ರೀಕ್ ವ್ಯಾಪಾರಿ ಬಿಟ್ಟುಹೋದ ಕಟ್ಟಡದಲ್ಲಿ ವಾಸ. ಆ ಹೊತ್ತಿಗೆ ಯುದ್ಧಕ್ಕೆ ಬೇಕಾದ ಸಾಮಾನು ಹೊರಗಿನಿಂದ ಬರೋಕೆ ಇದ್ದ ದೊಡ್ಡ ದಾರಿಗಳಲ್ಲಿ ಇದೂ ಒಂದು. ಅದಕ್ಕೇ ಜಪಾನಿನ ವಿಮಾನಗಳು ಸೇತುವೆಗಳಿಗೆ ಗುರಿ ಇಟ್ಟು ಬಾಂಬ್ ಹಾಕಿದವು.

ಸುಮ್ನೆ ಓದ್ತೀನಿ:
ಆಮೇಲೆ?

ಘಾಟಿಗಾಡಿ:
ಆಮೇಲೆ ಚೀನೀಯರೇ ಕಿತ್ತರು! 1940ರಲ್ಲಿ ಜಪಾನ್ ಸೈನ್ಯ ಉತ್ತರ ವಿಯೆಟ್ನಾಂಗೆ ಇಳಿಯಿತು. ಇದೇ ಲೈನ್ ಹಿಡಿದು ಮೇಲೆ ಬಂದುಬಿಟ್ಟರೆ? ಹೆಕೌ ಸೇತುವೆಯನ್ನು ಸ್ಫೋಟಿಸಿದರು. ಹೆಕೌನಿಂದ ಬಿಸೆಝಾಯ್‌ವರೆಗೆ ಹಳಿ ಕಿತ್ತುಕೊಂಡು ಹೋಗಿ ಕುನ್ಮಿಂಗ್‌ನ ಉತ್ತರಕ್ಕೆ ಹಾಕುತ್ತಿದ್ದ ಇನ್ನೊಂದು ಲೈನ್‌ಗೆ ಬಳಸಿದರು. ಸಾವಿರಾರು ಜನ ಸತ್ತು ಹಾಕಿದ ಹಳಿ, ಅತ್ಯಂತ ಕಷ್ಟದ ಆ ಕಣಿವೆಯ ಭಾಗ, 30 ವರ್ಷಕ್ಕೆ ಖಾಲಿ. 1943ರಲ್ಲಿ ಚೀನಾ ಸರ್ಕಾರ ಲೈನನ್ನು ಕೈಗೆ ತೆಗೆದುಕೊಂಡಿತು, 1946ರ ಒಪ್ಪಂದದಲ್ಲಿ ಫ್ರಾನ್ಸ್ ಹಕ್ಕು ಬಿಟ್ಟಿತು. ಕಿತ್ತ ಹಳಿ ಮತ್ತೆ ಬಂದು ಹೆಕೌಗೆ ಗಾಡಿ ಮುಟ್ಟಿದ್ದು 1957–58ರ ಹೊತ್ತಿಗೆ. 1979ರ ಗಡಿ ಯುದ್ಧದಲ್ಲಿ ಸೇತುವೆ ಮತ್ತೆ ಹೋಯಿತು. ಗಡಿ ದಾಟಿ ರೈಲು ಓಡಿದ್ದು 1996ರಲ್ಲಿ.

ಲೂಪ್‌ಲೈನ್ ಲಕ್ಕಿ:
ಗಡಿಯ ಆ ಕಡೆಗೆ ನಮ್ಮ ನಂಟೂ ಇದೆ. ವಿಯೆಟ್ನಾಂ ರೈಲಿನ ಡಿ13ಇ ಎಂಜಿನ್ ನೋಡಿ. ವಾರಾಣಸಿಯ ಡಿಎಲ್‌ಡಬ್ಲ್ಯುನಲ್ಲಿ (ಡೀಸೆಲ್ ಎಂಜಿನ್ ಕಾರ್ಖಾನೆ) ಮಾಡಿದ್ದು, ನಮ್ಮ ಮೀಟರ್ ಗೇಜ್ ಡೀಸೆಲ್ ಎಂಜಿನ್ ವೈಡಿಎಂ-4ರ ಅಣ್ಣತಮ್ಮ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಇದ್ದಾಗ ಓಡಾಡಿದವರಿಗೆ ಆ ಮೂತಿ ನೋಡಿದರೆ ಗೊತ್ತಾಗುತ್ತೆ.

ಹಳೇ ಗಾರ್ಡ್:
ವೈಡಿಎಂ-4ರ ಸದ್ದು ಈಗಲೂ ಕನಸಲ್ಲಿ ಬರುತ್ತೆ.

ಕುನ್ಮಿಂಗ್ ರಿಟರ್ನ್:
ತಡವಾಗಿ ಬಂದೆ, ಕ್ಷಮಿಸಿ. ನಾನು ಕುನ್ಮಿಂಗ್‌ನಲ್ಲಿ ಓದಿದವಳು. ಹೆಕೌಗೆ ಈ ಲೈನ್‌ನಲ್ಲಿ ಪ್ಯಾಸೆಂಜರ್ ಗಾಡಿ 2003ಕ್ಕೇ ನಿಂತುಹೋಗಿತ್ತು. ಮಳೆಗಾಲ ಬಂದರೆ ಗುಡ್ಡ ಜರಿಯೋದು, ಹಳೇ ಹಳಿ, ಆಮೇಲೆ ಒಳ್ಳೆ ರಸ್ತೆ ಬಂದು ಬಸ್ಸಿಗೆ ಎಲ್ಲರೂ ಹೋದರು. ಗೂಡ್ಸ್ ಮಾತ್ರ ಓಡುತ್ತಿತ್ತು.

ಆದರೆ ಕುನ್ಮಿಂಗ್ ಉತ್ತರ ಸ್ಟೇಷನ್‌ನಲ್ಲಿ ರೈಲ್ವೆ ಮ್ಯೂಸಿಯಂ ಇದೆ, ಮೂರು ಸಲ ಹೋಗಿದ್ದೆ. ಅಲ್ಲಿ ಒಂದು ಮಿಷೆಲಿನ್ ರೈಲು ಕಾರು ಇದೆ. ಹೌದು, ಟೈರ್ ಕಂಪನಿಯ ಮಿಷೆಲಿನ್! ಚಕ್ರಕ್ಕೆ ರಬ್ಬರ್ ಟೈರ್, ಹಳಿ ಮೇಲೆ ಓಡೋ ಬಸ್ಸು. 1930ರ ದಶಕದ್ದು. ದುಡ್ಡಿದ್ದವರು ಅದರಲ್ಲಿ ಹೋಗ್ತಿದ್ದರು, ಬಾಕಿ ಜನ ನಾಲ್ಕನೇ ಕ್ಲಾಸಿನಲ್ಲಿ ಕೋಳಿ, ಹಂದಿ ಜೊತೆ.

ಜಿಯಾನ್‌ಶುಯಿಗೂ ಹೋಗಿದ್ದೆ. ಆ 600 ಮಿ.ಮೀ. ಲೈನ್ ಇತ್ತಲ್ಲ, ಅದರ ಶಿಪಿಂಗ್ ಕಡೆಯ ಭಾಗವನ್ನು 1970ರಲ್ಲಿ ಮೀಟರ್ ಗೇಜ್ ಮಾಡಿದ್ದರು. ಅದರಲ್ಲಿ ಈಗ ಹಳದಿ ಬಣ್ಣದ ಟೂರಿಸ್ಟ್ ಗಾಡಿ ಓಡುತ್ತೆ, ಜಿಯಾನ್‌ಶುಯಿಯಿಂದ ತುವಾನ್‌ಶಾನ್ ಅನ್ನೋ ಹಳೇ ಊರಿಗೆ. ಸೈಕಲ್‌ನವರು ನಮ್ಮನ್ನು ದಾಟಿಕೊಂಡು ಹೋದರು, ಸುಳ್ಳಲ್ಲ. ಟಿಕೆಟ್ ಕೌಂಟರ್‌ನಲ್ಲಿ ಹೆಸರು ತಪ್ಪಾಗಿ ಟೈಪ್ ಮಾಡಿ ಮೊದಲ ಗಾಡಿ ತಪ್ಪಿಸಿದರು, ಹಾಗಾಗಿ ಎರಡು ಗಂಟೆ ಊರಲ್ಲಿ ಸುತ್ತಿದೆ. ಅದೇ ಒಳ್ಳೆಯದಾಯಿತು. ಅಲ್ಲಿ ಇದ್ದಿಲ ಒಲೆ ಮೇಲೆ ಸಣ್ಣ ಸಣ್ಣ ತೋಫು ಸುಡ್ತಾರೆ. ಸುತ್ತ ಮಣೆ ಹಾಕಿ ಕೂರೋದು, ಉಬ್ಬಿದ ಹಾಗೆ ಒಂದೊಂದೇ ಎತ್ತಿ ತಿನ್ನೋದು. ಲೆಕ್ಕಕ್ಕೆ ಚೀಟಿ ಇಲ್ಲ. ಅಜ್ಜಿ ನೀವು ಒಂದು ತಿಂದ ಕೂಡಲೇ ನಿಮ್ಮ ಹೆಸರಿನ ಬಟ್ಟಲಿಗೆ ಒಂದು ಜೋಳದ ಕಾಳು ಹಾಕ್ತಾಳೆ. ಕೊನೆಗೆ ಕಾಳು ಎಣಿಸಿ ದುಡ್ಡು.

ಕುಡ್ಲದ ಕುಳ್ಳ:
ಈ ಥ್ರೆಡ್‌ನಲ್ಲಿ ಈವರೆಗೆ ಬಂದದ್ದರಲ್ಲಿ ಇದೇ ಬೆಸ್ಟ್ 😋

ಸುಮ್ನೆ ಓದ್ತೀನಿ:
ಈಗ ಹೆಕೌಗೆ ರೈಲಲ್ಲಿ ಹೋಗೋಕೆ ಆಗಲ್ವಾ ಹಾಗಾದ್ರೆ?

ಘಾಟಿಗಾಡಿ:
ಆಗುತ್ತೆ, ಬೇರೆ ಲೈನ್‌ನಲ್ಲಿ. ಸ್ಟ್ಯಾಂಡರ್ಡ್ ಗೇಜ್ (ಮೀಟರ್ ಗೇಜ್‌ಗಿಂತ ಅಗಲ), ಕರೆಂಟ್ ಗಾಡಿ. ಯುಶಿ–ಮೆಂಗ್‌ಜಿ 2013ರಲ್ಲಿ, ಮೆಂಗ್‌ಜಿ–ಹೆಕೌ 2014ರ ಡಿಸೆಂಬರ್‌ನಲ್ಲಿ ಶುರುವಾಯಿತು. ಕೆಲವೇ ಗಂಟೆ.

ಈಗ ಮೇಡಂ ಮೇಲೆ ಬರೆದಿದ್ದು ಮತ್ತೆ ಓದಿ. ಫ್ರೆಂಚರು ಮೊದಲು ಸರ್ವೇ ಮಾಡಿ ಕೈಬಿಟ್ಟ ದಾರಿ ಯಾವುದು? ಮೆಂಗ್‌ಜಿ, ಜಿಯಾನ್‌ಶುಯಿ, ತೊಂಗ್‌ಹಾಯ್, ಯುಶಿ. ಹೊಸ ಲೈನ್ ಹೋಗೋದು ಅದೇ ಊರುಗಳ ಮೂಲಕ. ನೂರು ವರ್ಷ ಆದ ಮೇಲೆ ರೈಲು ಜನ ಇರೋ ಕಡೆಗೆ ಬಂತು.

ಇತಿಹಾಸದ ಹುಚ್ಚಿ:
ಅಯ್ಯೋ, ಇದು ನನಗೇ ಹೊಳೆದಿರಲಿಲ್ಲ. ನಾನೇ ಬರೆದು ನಾನೇ ನೋಡಿಲ್ಲ.

ಹಳೇ ಗಾರ್ಡ್:
ಆದರೆ ಹೆಕೌನಲ್ಲಿ ನದಿ ದಾಟಿದರೆ ವಿಯೆಟ್ನಾಂನದ್ದು ಇನ್ನೂ ಮೀಟರ್ ಗೇಜ್ ತಾನೇ? ಹಾಗಾದರೆ ಬಿಸೆಝಾಯ್‌ನ ಹಮಾಲಿ ಕೆಲಸ ಈಗ ಹೆಕೌಗೆ ಬಂತು, ಅಷ್ಟೇ.

ಘಾಟಿಗಾಡಿ:
ಸದ್ಯಕ್ಕೆ ಹಾಗೇ ಸರ್. ಈಗ ಕ್ರೇನ್ ಇದೆ, ಹಮಾಲಿ ಇಲ್ಲ. ಲಾವ್ ಕಾಯ್–ಹನೋಯ್–ಹೈಫಾಂಗ್ ಸ್ಟ್ಯಾಂಡರ್ಡ್ ಗೇಜ್ ಲೈನ್‌ಗೆ ವಿಯೆಟ್ನಾಂ ಸಂಸತ್ತು 2025ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಮುಗಿದರೆ ಕುನ್ಮಿಂಗ್‌ನಿಂದ ಹೈಫಾಂಗ್‌ಗೆ ಒಂದೇ ಗೇಜ್, 1910ರಲ್ಲಿ ಇದ್ದ ಹಾಗೆ.

ಲೂಪ್‌ಲೈನ್ ಲಕ್ಕಿ:
ಅಲ್ಲಿಗೆ ಮೀಟರ್ ಗೇಜ್ ಕಥೆ ಮುಗೀತು. ಹೋಗೋದಿದ್ರೆ ಬೇಗ ಹೋಗಿ ಬಾ ಗುರು. ಟಿಕೆಟ್ ಹಾಕುವಾಗ ನನಗೂ ಹೇಳು.

ಕುಡ್ಲದ ಕುಳ್ಳ:
ನಾನೂ ಬರ್ತೇನೆ, ಸೇತುವೆಗಲ್ಲ, ತೋಫುಗೆ. ಮೇಡಂ, ನಿಮ್ಮ ಬಟ್ಟಲಲ್ಲಿ ಎಷ್ಟು ಕಾಳು ಆಗಿತ್ತು ಅಂತ ಹೇಳಲೇ ಇಲ್ಲ?

ಕುನ್ಮಿಂಗ್ ರಿಟರ್ನ್:
ಮೂವತ್ತೊಂದು. ಒಂದು ಕಾಳು ಕೋಳಿ ತಿಂದಿತ್ತು, ಅಜ್ಜಿ ನೋಡಲಿಲ್ಲ.